ನೀಲಿ ದೀಪದ ನಗು

ಮನುಷ್ಯರದ್ದಲ್ಲವೆಂದು ನಮ್ಮ ಯಂತ್ರ ತಳ್ಳಿಹಾಕಿದ ಸದ್ದುಗಳ ನಡುವೆ ನನ್ನ ಮಗಳ ನಗು ನನಗೆ ಸಿಕ್ಕಿದ್ದು ಆಗಸ್ಟ್ ಕೊನೆಯ ಒಂದು ಗುರುವಾರ, ಊಟದ ಬಿಡುವಿನಲ್ಲಿ.

ಆ ಕಡತವನ್ನು ಯಾರೂ ತೆರೆಯುತ್ತಿರಲಿಲ್ಲ. ಅದರಲ್ಲಿ ಇದ್ದದ್ದು ಬೆಂಚು ಎಳೆದ ಸದ್ದು, ಫ್ಯಾನಿನ ಕಿರುಗುಟ್ಟುವಿಕೆ, ಶಾಲೆಯ ಅಂಗಳದಲ್ಲಿ ಬೊಗಳಿದ ನಾಯಿ, ಇಂಥವು. ಆದರೆ ನಾನು ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಓಣಿಯ ತುದಿಯಿಂದ ತಿರುಗಿ ಬರುವ ಹೆಂಗಸು. ಎಸೆಯುವ ಮುನ್ನ ಕಸವನ್ನೂ ಒಮ್ಮೆ ನೋಡದಿದ್ದರೆ ನನಗೆ ಸಮಾಧಾನವಿಲ್ಲ. ಹೆಡ್‌ಫೋನ್ ಹಾಕಿಕೊಂಡು, ಒಂದು ಕೈಯಲ್ಲಿ ರೊಟ್ಟಿ ಹಿಡಿದು, ಒಂದೊಂದನ್ನೇ ಕೇಳುತ್ತ ಹೋದೆ. ಇನ್ನೂರ ಹನ್ನೊಂದನೆಯದು ಹೀಗಿತ್ತು: ಉಸಿರನ್ನು ಒಳಕ್ಕೆ ಎಳೆದುಕೊಂಡ ಉದ್ದನೆಯ ಒಂದು ಸೀಳುದನಿ, ಅದರ ಹಿಂದೆಯೇ ಮೂಗಿನಿಂದ ಎರಡು ಸಲ ಗೊರ್, ಗೊರ್.

ರೊಟ್ಟಿ ಕೈಯಲ್ಲೇ ಉಳಿಯಿತು. ಆ ಸದ್ದನ್ನು ನಾನು ಹದಿನಾಲ್ಕು ವರ್ಷಗಳಿಂದ ಬಲ್ಲೆ. ತೊಟ್ಟಿಲಲ್ಲಿ ಮಲಗಿದ್ದಾಗ ಅವಳಪ್ಪ ಹೊಟ್ಟೆಯ ಮೇಲೆ ಊದಿದರೆ ಅದೇ ಸೀಳು, ಅದೇ ಗೊರ್.

"ಸರ್, ಇದನ್ನ ಒಂದ ಸಲ ಕೇಳ್ರಿ," ಎಂದು ಕಟ್ಟಿ ಸರ್ ಅವರ ಮೇಜಿಗೆ ಒಯ್ದೆ. ಡಾಕ್ಟರ್ ಪಾಂಡುರಂಗ ಕಟ್ಟಿ ಧಾರವಾಡದ ನಮ್ಮ ಧ್ವನಿ ಸಂಶೋಧನಾಲಯದ ಮುಖ್ಯಸ್ಥರು.

ಅವರು ಕೇಳಿ ಕನ್ನಡಕ ಏರಿಸಿದರು. "ಏನಿದು ಹೊಸಮನಿಯವರ, ಸಾಲ್ಯಾಗ ಹಂದಿ ಹೊಕ್ಕಿತ್ತೇನು?"

"ಇಲ್ರಿ ಸರ್. ನನ್ನ ಮಗಳ ನಗೂರಿ ಅದು."

ಕಟ್ಟಿ ಸರ್ ಅವರ ಮುಖದಿಂದ ತಮಾಷೆ ಇಳಿದುಹೋಗಲು ಸ್ವಲ್ಪ ಹೊತ್ತು ಹಿಡಿಯಿತು.

ಯಂತ್ರದ ಬಗ್ಗೆ ಇಷ್ಟು ಹೇಳಬೇಕು. ಅದರ ಹೆಸರು ನಗೆಜರಡಿ. ತರಗತಿಯ ಸೂರಿಗೆ ಹನ್ನೆರಡು ಪುಟ್ಟ ಮೈಕುಗಳು. ಯಾವ ಬೆಂಚಿನಿಂದ ಯಾರು ನಕ್ಕರೆಂದು ಬಿಡಿಸಿ, ಹೆಸರಿಲ್ಲದೆ ಬರೀ ಸಂಖ್ಯೆಯಲ್ಲಿ ಬರೆದುಕೊಳ್ಳುತ್ತವೆ. ಬಳಿಕ ಯಂತ್ರ ಆ ನಗುಗಳನ್ನು ಜರಡಿ ಹಿಡಿಯುತ್ತದೆ. ತರಗತಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವ ಫಲಕದಲ್ಲಿ ನಾಲ್ಕು ದೀಪ: ಸಂತೋಷದ ನಗುವಿಗೆ ಹಸಿರು, ಅಂಜಿಕೆಯ ನಗುವಿಗೆ ಹಳದಿ, ಕುಹಕಕ್ಕೆ ಕೆಂಪು. ಬೆಂಚು, ಫ್ಯಾನು, ನಾಯಿಗೆ ನೀಲಿ. ಮಕ್ಕಳು ಮಕ್ಕಳನ್ನು ಗೇಲಿ ಮಾಡಿ ಕುಗ್ಗಿಸುವುದನ್ನು ಶಿಕ್ಷಕರ ಕಣ್ಣಿಗೆ ಬೀಳುವ ಮೊದಲೇ ಹಿಡಿಯಬೇಕು ಎನ್ನುವುದು ನಮ್ಮ ಉದ್ದೇಶ. ನಾಲ್ಕು ವರ್ಷ ದುಡಿದಿದ್ದೆವು. ಜೂನ್‌ನಲ್ಲಿ ಮೊದಲ ಪ್ರಯೋಗಕ್ಕೆ ನನ್ನ ಮಗಳು ಶಾಲ್ಮಲಾಳ ಶಾಲೆಯನ್ನೇ ನಾನು ಸೂಚಿಸಿದ್ದೆ, ಆರು ತರಗತಿಗಳಲ್ಲಿ ಅವಳದನ್ನೂ ಸೇರಿಸಿ. ಹತ್ತಿರವಿದ್ದರೆ ಕಣ್ಣಿಟ್ಟಿರಬಹುದು ಎಂದು.

ಆ ಮಧ್ಯಾಹ್ನ ಶಾಲ್ಮಲಾಳ ಹದಿನೇಳನೆಯ ಸಂಖ್ಯೆಯ ಸದ್ದುಗಳನ್ನೆಲ್ಲ ದಿನದ ಪ್ರಕಾರ ಜೋಡಿಸಿದೆ. ಪ್ರಯೋಗದ ಮೊದಲ ಸೋಮವಾರ ಹನ್ನೊಂದು ಸಲ. ಮಂಗಳವಾರ ಒಂಬತ್ತು. ಬುಧವಾರ ಒಂಬತ್ತು. ಗುರುವಾರ ಎರಡು. ಶುಕ್ರವಾರ ಒಂದೂ ಇಲ್ಲ. ಅಲ್ಲಿಂದ ಮುಂದೆ ಹತ್ತು ವಾರ, ಒಂದೇ ಒಂದು ಇಲ್ಲ.

ಗುರುವಾರದ ಎರಡನೆಯದರ ನಂತರದ ಧ್ವನಿಯನ್ನು ಕೇಳಿದೆ. ಒಂದು ಹುಡುಗಿಯ ದನಿ, ಖುಷಿಯಿಂದ ಕೂಗುತ್ತಿತ್ತು: "ನೋಡ್ರಲೇ, ಮತ್ತ ಹತ್ತಿತು! ಬೆಂಚ್ ಎಳದ್ರ ನೀಲಿ, ನಾಯಿ ಬೊಗಳಿದ್ರ ನೀಲಿ, ಶಾಲ್ಮಲಾ ನಕ್ಕರ ನೀಲಿ!" ಒಬ್ಬ ಹುಡುಗ: "ಇಕೀ ಮನಷ್ಯಾಳ ಅಲ್ಲಲೇ!" ಆಮೇಲೆ ಇಡೀ ತರಗತಿ ಒಟ್ಟಿಗೆ ಹಾ ಹಾ ಹಾ ಎಂದಿತು.

ಆ ಹಾ ಹಾ ಹಾ ಕೇಳಿ ನಮ್ಮ ಯಂತ್ರ ಹಸಿರು ದೀಪ ಹಚ್ಚಿತ್ತು. ಮೂವತ್ತೇಳು ಮಕ್ಕಳ ಹೆಸರಿಗೆ ಮೂವತ್ತೇಳು ಸಂತೋಷ.

ಜುಲೈ ವರದಿಯಲ್ಲಿ ನಾನೇ ನನ್ನ ಕೈಯಾರೆ ಬರೆದಿದ್ದೆ: ಪ್ರಯೋಗಕ್ಕೆ ಒಳಪಟ್ಟ ಆರು ತರಗತಿಗಳಲ್ಲಿ ಅತ್ಯಂತ ಸಂತೋಷದಿಂದಿರುವುದು ಒಂಬತ್ತನೆಯ 'ಎ', ಅಂದರೆ ಶಾಲ್ಮಲಾಳ ತರಗತಿ. ಆ ದಿನ ಮನೆಯಲ್ಲಿ ಸಜ್ಜಕದ ಹೋಳಿಗೆ ಮಾಡಿದ್ದೆ. ಶಾಲ್ಮಲಾ ಅರ್ಧ ತಿಂದು ಎದ್ದುಹೋಗಿದ್ದಳು.

ಅವಳ ಮೇಲೆ ನಾನು ಕಣ್ಣಿಟ್ಟಿರಲಿಲ್ಲ ಎಂದಲ್ಲ. ಸೋಮವಾರ ಬೆಳಿಗ್ಗೆ ಹೊಟ್ಟೆನೋವು ಎನ್ನುವುದನ್ನು ಗಮನಿಸಿದ್ದೆ, ಡಾಕ್ಟರಿಗೆ ತೋರಿಸಿದ್ದೆ. ಟಿವಿಯಲ್ಲಿ ನಗೆಯ ಕಾರ್ಯಕ್ರಮ ಬಂದರೆ ಅವಳು ಎದ್ದು ಒಳಗೆ ಹೋಗುತ್ತಿದ್ದಳು. ದೊಡ್ಡವಳಾಗುತ್ತಿದ್ದಾಳೆ, ಗಂಭೀರಳಾಗಿದ್ದಾಳೆ ಎಂದು ನಮ್ಮ ಯಜಮಾನರಿಗೆ ಫೋನಿನಲ್ಲಿ ಹೇಳಿದ್ದೆ. ಅವರು ಗದಗದಲ್ಲಿ ಕೆಲಸದಲ್ಲಿದ್ದು ಶನಿವಾರ ಬರುವವರು. ಎಲ್ಲವನ್ನೂ ನೋಡಿದ್ದೆ. ಒಂದಕ್ಕೊಂದು ಕೂಡಿಸಿ ನೋಡಿರಲಿಲ್ಲ.

ಸಂಜೆ ಅವಳು ಲೆಕ್ಕ ಮಾಡುತ್ತ ಕುಳಿತಿದ್ದಳು. ಎದುರಿಗೆ ಕುಳಿತು, ಹೇಗೆ ಶುರು ಮಾಡಬೇಕೆಂದು ತಿಳಿಯದೆ, ನೇರ ಹೇಳಿಬಿಟ್ಟೆ.

"ಶಾಲೂ, ನೀಲಿ ದೀಪದ ವಿಷಯ ಇವತ್ತ ನನಗ ಗೊತ್ತಾತು."

ಪೆನ್ಸಿಲ್ ನಿಂತಿತು.

"ಯಾಕವ್ವಾ ನನ್ನ ಮುಂದ ಹೇಳಲಿಲ್ಲ?"

"ಏನಂತ ಹೇಳ್ಲಿ? ನಿನ್ನ ಮಷೀನ್ ಸುಳ್ಳ ಹೇಳತೈತಿ ಅಂತ ಹೇಳ್ಲಾ? ನಾಕ ವರ್ಷ ಮಾಡೀಯಲ್ಲ ಅದನ್ನ." ಪೆನ್ಸಿಲ್ ಮೊನೆಯಿಂದ ಹಾಳೆಯನ್ನು ಚುಚ್ಚತೊಡಗಿದಳು. "ಅಲ್ಲದ, ಮಷೀನ್ ಖರೇನ ಹೇಳ್ತಿದ್ರ?"

"ಹುಚ್ಚಿ, ಅದು ತಪ್ಪು ಹೇಳೈತಿ."

"ಹೆಂಗ ಗೊತ್ತು? ನಾ ಬಚ್ಚಲಮನ್ಯಾಗ ಕನ್ನಡಿ ಮುಂದ ನಕ್ಕ ನೋಡೀನಿ. ಹಾ ಹಾ ಅಂತ ಬರೂದೇ ಇಲ್ಲ ನನಗ. ಪ್ರಾರ್ಥನಾ ಆದ್ರ ಎಷ್ಟ ಚಂದ ನಗತಾಳ." ಪ್ರಾರ್ಥನಾ ಎಂದರೆ ಗುರುವಾರದ ಧ್ವನಿಮುದ್ರಣದಲ್ಲಿ ನಾನು ಕೇಳಿದ್ದ ಆ ಕೂಗು. "ಅಕಿ ನಕ್ರ ನಕ್ಕೊಳ್ಳಿ ಅವ್ವ. ಮುಬೀನಾನೂ ನಕ್ಕಳು."

ಮುಬೀನಾ ಅವಳ ಪಕ್ಕದಲ್ಲಿ ಕೂರುತ್ತಿದ್ದವಳು. ಒಂದನೆಯ ತರಗತಿಯಿಂದ ಇಬ್ಬರದೂ ಒಂದೇ ಡಬ್ಬಿ. ಈಗ ಎರಡು ತಿಂಗಳಿಂದ ಶಾಲ್ಮಲಾ ಮೂರನೆಯ ಸಾಲಿನಲ್ಲಿ ಒಬ್ಬಳೇ ಕೂರುತ್ತಿದ್ದಳು. ಅದನ್ನೂ ಅವಳು ನನಗೆ ಹೇಳಿರಲಿಲ್ಲ.

ನಾನು ಅವಳ ಕ್ಷಮೆ ಕೇಳಿದೆ. ಅವಳು, "ಇರ್ಲಿ ಬಿಡು, ನಿಂದೇನ ತಪ್ಪು," ಎಂದು ಲೆಕ್ಕಕ್ಕೆ ಮರಳಿದಳು. ದೊಡ್ಡವರು ಚಿಕ್ಕವರಿಗೆ ಹೇಳುವ ಹಾಗೆ ಹೇಳಿದಳು. ಬೈದಿದ್ದರೆ ಚೆನ್ನಾಗಿತ್ತು.

ಯಂತ್ರ ಎಲ್ಲಿ ತಪ್ಪಿತು ಎಂಬುದನ್ನು ಕಂಡುಹಿಡಿದವರು ನಮ್ಮ ಅತ್ತೆ, ಚನ್ನವ್ವ. ಅವರು ದಿನಾ ಬೆಳಿಗ್ಗೆ ಉದ್ಯಾನದ ನಗೆಕೂಟಕ್ಕೆ ಹೋಗುತ್ತಾರೆ. ಎರಡು ವರ್ಷದ ಹಿಂದೆ ಸಂತೋಷದ ನಗುವಿನ ಮಾದರಿ ಬೇಕಾದಾಗ ನಾವು ಮೈಕು ಹಿಡಿದು ಹೋದದ್ದು ಆ ಕೂಟಕ್ಕೇ. ಮರುದಿನ ಅವರು ವಾಕಿಂಗ್ ಬೂಟು ಕಳಚುತ್ತಿದ್ದಾಗ ನನ್ನ ಮುಖ ನೋಡಿ ಕೇಳಿದರು, ನಾನು ಎಲ್ಲ ಹೇಳಿದೆ.

"ಅಲ್ಲ, ನಮ್ಮ ನಗೂನ ಕೇಳಿ ಮಷೀನ್ ಕಲತೈತೇನು?" ಎಂದು ಅವರು ಒಂದು ಬೂಟು ಕೈಯಲ್ಲಿ ಹಿಡಿದು ನಿಂತರು. "ಅದೆಲ್ಲೀ ನಗುವಾ! ಡಾಕ್ಟರ್ ಹೇಳ್ಯಾರ ಅಂತ ಕೈ ಮ್ಯಾಲೆತ್ತಿ ಹಾ ಹಾ ಹಾ, ಹೋ ಹೋ ಹೋ ಅಂತೀವಿ. ಮೊಣಕಾಲ ನೋವು, ಸಕ್ಕರಿ ಕಾಯಿಲೆ, ಸೊಸಿ ಕಾಟ, ಎಲ್ಲಾ ಇಟಗೊಂಡು ಹಾ ಹಾ."

"ಸೊಸಿ ಕಾಟಾನೂ ಐತೇನ್ರಿ ಅತ್ತಿ?"

"ನನಗಲ್ಲ, ಪದ್ಮಾವತಿಗೆ. ಖರೇ ನಗು ಆಮ್ಯಾಲ ಬರ್ತೈತಿ. ಕೂಟ ಮುಗಿಸಿ ಗಿರಮಿಟ್ ಅಂಗಡ್ಯಾಗ ಕುಂತಾಗ. ಪದ್ಮಾವತಿ ನಕ್ರ ಹಲ್ಲಿನ ಸೆಟ್ ತಾಟನ್ಯಾಗ ಬೀಳತೈತಿ. ನೀವು ಅಲ್ಲಿಗೆ ಯಾಕ ಬರಲಿಲ್ಲ?"

ಯಾಕೆ ಹೋಗಲಿಲ್ಲವೆಂದರೆ ನನ್ನಿಂದಾಗಿ. ಅನುಮತಿ ಕೇಳದೆ ಒಬ್ಬರ ಧ್ವನಿಯನ್ನೂ ತೆಗೆದುಕೊಳ್ಳಬಾರದೆಂದು ನಾನು ನಾಲ್ಕು ಪುಟದ ಒಪ್ಪಿಗೆ ಪತ್ರ ತಯಾರಿಸಿದ್ದೆ. ಸಹಿ ಮೊದಲು, ನಗು ಆಮೇಲೆ. ನಾಲ್ಕು ಪುಟ ಓದಿ, ಸಹಿ ಹಾಕಿ, ಮೈಕಿನ ಮುಂದೆ ನಿಂತ ಮನುಷ್ಯನಿಗೆ ಯಾವ ನಗು ಬರುತ್ತದೆ? ಅಂಜಿಕೆ, ಕುಹಕಗಳ ಮಾದರಿಗೂ ನಾಟಕದ ವಿದ್ಯಾರ್ಥಿಗಳಿಂದ ಸಹಿ ಪಡೆದೇ ನಗಿಸಿದ್ದೆವು. ನನ್ನ ಎಚ್ಚರಿಕೆಯ ದೆಸೆಯಿಂದ ನಗೆಜರಡಿ ಹುಟ್ಟಿದಾಗಿನಿಂದ ಒಂದೂ ನಿಜವಾದ ನಗುವನ್ನು ಕೇಳಿಯೇ ಇರಲಿಲ್ಲ.

ಬೇಕೆಂದು ನಗುವ ನಗುವಿಗೆ ಮಾತಿನಷ್ಟೇ ಶಿಸ್ತು. ಸ್ವರ ಸ್ಪಷ್ಟ, ಅಂತರ ಸಮ. ತಾನಾಗಿ ಬರುವ ನಗು ಮಿದುಳಿನ ಬೇರೆ ದಾರಿಯಿಂದ, ಹಳೆಯ ದಾರಿಯಿಂದ ಬರುತ್ತದೆ; ಪಕ್ಕೆಲುಬುಗಳನ್ನು ಹಿಂಡುತ್ತದೆ, ಗಂಟಲಿಗೆ ಸಂಭಾಳಿಸಲಾಗದೆ ಉಸಿರು ಸಿಕ್ಕಸಿಕ್ಕಲ್ಲಿಂದ ನುಗ್ಗುತ್ತದೆ. ಅಲ್ಲಿ ಸ್ವರ ಒಡೆಯುತ್ತದೆ, ಕೆಲವರಲ್ಲಿ ಸ್ವರವೇ ಇರುವುದಿಲ್ಲ. ಸ್ವರವಿಲ್ಲದ್ದು ಮನುಷ್ಯರದ್ದಲ್ಲ ಎಂದು ಯಂತ್ರ ಕಲಿತಿತ್ತು. ಉಳಿದ ಮಕ್ಕಳ ನಗುವಿನಲ್ಲಿ ಸ್ವಲ್ಪವಾದರೂ 'ಹಾ' ಇತ್ತು. ಶಾಲ್ಮಲಾಳದ್ದರಲ್ಲಿ ತೊಟ್ಟೂ ಇರಲಿಲ್ಲ.

ಅಷ್ಟನ್ನೂ ಕಟ್ಟಿ ಸರ್ ಅವರಿಗೆ ಹೇಳಿ, "ಎಲ್ಲಾ ಮೊದಲಿಂದ ಮಾಡಬೇಕ್ರಿ ಸರ್," ಎಂದೆ.

ಕಟ್ಟಿ ಸರ್ ಕಿಟಕಿಯ ಕಡೆ ತಿರುಗಿ ಕುಳಿತಿದ್ದರು. ಇಪ್ಪತ್ತೇ ದಿನದಲ್ಲಿ ಪರಿಶೀಲನಾ ಸಮಿತಿ ಬರುವುದಿತ್ತು. ಒಪ್ಪಿದರೆ ಆರುನೂರು ಶಾಲೆಗಳಿಗೆ ಯಂತ್ರ. ಮುಂದೂಡಿ ಎಂದರೆ ಅವರು ಸಿಟ್ಟಾಗುತ್ತಾರೆಂದು ನಾನು ಅಂಜಿದ್ದೆ.

"ಹೊಸಮನಿಯವರ, ನಾ ನಗೋದನ್ನ ನೀವು ನೋಡೀರೇನು?"

ಯೋಚಿಸಿದೆ. "ಕರವಸ್ತ್ರ ಅಡ್ಡ ಹಿಡೀತೀರಿ ಸರ್."

"ಏಳನೇ ಕ್ಲಾಸಿನ್ಯಾಗ ಇದ್ದಾಗಿಂದ. ನಮ್ಮ ವರ್ಗದಾಗ ಗುರುನಾಥ ಅಂತ ಒಬ್ಬ ಇದ್ದ. ನಾ ನಕ್ಕಾಗೆಲ್ಲ ನನ್ನ ಕೈ ಹಿಡಿದು ಬೋರಿಂಗ್ ಪಂಪ್ ಹೊಡದಂಗ ಹೊಡೀತಿದ್ದ. ನೀರು ಬಂತು, ನೀರು ಬಂತು ಅಂತ ಎಲ್ಲಾರೂ ಕೂಗೋರು." ಅವರು ಜೇಬಿನ ಕರವಸ್ತ್ರವನ್ನು ಮುಟ್ಟಿ ನೋಡಿಕೊಂಡರು. "ಐವತ್ತೊಂದು ವರ್ಷ ಆತು. ನನ್ನ ಹೆಂಡತಿನೂ ಪೂರಾ ಕೇಳಿಲ್ಲ ನನ್ನ ನಗು. ಸಮಿತಿಯವರಿಗೆ ಬರೀರಿ, ಮುಂದಿನ ವರ್ಷ ಬರ್ರಿ ಅಂತ. ಮತ್ತ ಆ ದೀಪದ ಫಲಕ ಇವತ್ತೇ ಬಂದ್ ಮಾಡಿಸ್ರಿ."

ಆಮೇಲಿನ ಮೂರು ವಾರ ನನ್ನ ನೌಕರಿಯ ಅತ್ಯಂತ ಸುಖದ ದಿನಗಳು. ಪದ್ಧತಿಯನ್ನು ತಿರುಗಿಸಿದೆವು: ನಗು ಮೊದಲು, ಸಹಿ ಆಮೇಲೆ; ಬೇಡವೆಂದರೆ ಅವರ ಎದುರಿನಲ್ಲೇ ಅಳಿಸುವುದು. ಮೈಕನ್ನು ಉಪ್ಪಿನಕಾಯಿಯ ಭರಣಿಗಳ ಹಿಂದೆ ಇಟ್ಟು ಗಿರಮಿಟ್ ಅಂಗಡಿಯಲ್ಲಿ ಕುಳಿತೆವು. ಪದ್ಮಾವತಿಯವರ ಹಲ್ಲು ನಿಜಕ್ಕೂ ತಟ್ಟೆಯಲ್ಲಿ ಬಿತ್ತು. ಅದನ್ನು ನೋಡಿ ಅಂಗಡಿಯವರು ನಕ್ಕದ್ದು ಇನ್ನೊಂದು ಮಾದರಿ. ರೊಟ್ಟಿ ಬಡಿಯುವ ಹೆಂಗಸರ ಮನೆಗೆ ಹೋದೆವು. ಬಸ್ಸು ತಪ್ಪಿಸಿಕೊಂಡ ಕಾಲೇಜು ಹುಡುಗಿಯರು, ಸೀಮಂತದ ಮನೆ, ಕಬಡ್ಡಿ ಸೋತ ತಂಡ. ಸಹಿಗೆ ಹಾಳೆ ಚಾಚಿದರೆ, "ಅಯ್ಯ, ನಮ್ಮ ನಗೂಗೂ ಸಹಿ ಬೇಕೇನ್ರಿ!" ಎಂದು ಮತ್ತೆ ನಗುತ್ತಿದ್ದರು, ಅದೂ ದಾಖಲಾಗುತ್ತಿತ್ತು.

ಒಂಬೈನೂರು ನಗುಗಳಲ್ಲಿ ಹಾ ಹಾ ಹಾ ಎಂದು ಶುದ್ಧವಾಗಿ ನಕ್ಕವರು ಇಬ್ಬರೇ. ಅದರಲ್ಲೊಬ್ಬರು ವಿಮೆಯ ಏಜೆಂಟ್. ಉಳಿದವರು ಕುದಿಯುವ ಕೆಟಲಿನಂತೆ, ಸದ್ದೇ ಇಲ್ಲದೆ ಭುಜ ಕುಣಿಸುತ್ತ, ಅಳುತ್ತ, ಕೆಮ್ಮುತ್ತ, ಪಕ್ಕದವರ ಬೆನ್ನಿಗೆ ಗುದ್ದುತ್ತ ನಗುತ್ತಿದ್ದರು. ಗೊರ್ ಎನ್ನುವವರು ನೂರ ಮೂವತ್ತು ಜನ. ಆ ಎಣಿಕೆಯನ್ನು ನಾನು ಎರಡು ಸಲ ಮಾಡಿದೆ.

ಅಂಜಿಕೆಯ ನಗುವಿಗಾಗಿ ದೂರ ಹೋಗಬೇಕಾಗಲಿಲ್ಲ. ಹಲ್ಲಿನ ಡಾಕ್ಟರ ಹೊರಕೋಣೆ ಸಾಕಾಯಿತು, ಕುಹಕಕ್ಕೆ ಇಸ್ಪೀಟು ಆಡುವವರ ಕಟ್ಟೆ.

ಹೊಸದಾಗಿ ಕಲಿತ ಯಂತ್ರಕ್ಕೆ ನಾವು ಮೊದಲು ಕೇಳಿಸಿದ್ದು ಜೂನ್ ತಿಂಗಳ ಆ ಗುರುವಾರವನ್ನು. ಹದಿನೇಳನೆಯ ಸಂಖ್ಯೆಯ ಎದುರು ಹಸಿರು ಬಂತು. ಕಟ್ಟಿ ಸರ್ ನನ್ನ ಕಡೆ ನೋಡದೆ ಚಹಾ ತರಲು ಎದ್ದುಹೋದರು. ನಂತರ ಆ ಹಾ ಹಾ ಹಾ. ಮೂವತ್ತೇಳರಲ್ಲಿ ನಾಲ್ಕು ಕೆಂಪು, ಎರಡು ಹಸಿರು. ಆ ಇಬ್ಬರು ಬಹುಶಃ ಬೇರೇನನ್ನೋ ನೋಡಿ ನಗುತ್ತಿದ್ದರು. ಉಳಿದ ಮೂವತ್ತೊಂದೂ ಹಳದಿ.

ಸಂಜೆ ಮನೆಗೆ ಬಂದು ಶಾಲ್ಮಲಾಳಿಗೆ ಹೇಳಿದೆ. ಅತ್ತೆಯವರು ಅವರೆಕಾಯಿ ಸುಲಿಯುತ್ತಿದ್ದವರು ಕೈ ನಿಲ್ಲಿಸಿ ಕೇಳಿದರು.

"ಮೂವತ್ತೊಂದು ಮಂದಿ ಅಂಜಿ ನಕ್ಕಾರ?" ಎಂದಳು ಶಾಲ್ಮಲಾ. "ಯಾರಿಗೆ ಅಂಜಿ? ನನಗ?"

"ನಿನಗಲ್ಲ. ನಾಳೆ ತಮ್ಮ ಸರದಿ ಬಂದೀತು ಅಂತ."

"ಅಷ್ಟೂ ಮಂದಿ?"

"ಅಷ್ಟೂ ಮಂದಿ."

ಅವಳು ಅವರೆಕಾಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸುತ್ತ ಕುಳಿತಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಹದಿನೆಂಟು?" ಎಂದಳು.

ಒಬ್ಬರ ಸಂಖ್ಯೆಯ ಫಲಿತಾಂಶವನ್ನು ಇನ್ನೊಬ್ಬರಿಗೆ ಹೇಳಕೂಡದು. ಆ ನಿಯಮವನ್ನು ಬರೆದವಳೂ ನಾನೇ. ಹದಿನೆಂಟನೆಯ ನಗುವನ್ನು, ಮುಬೀನಾಳದ್ದನ್ನು, ನಾನು ಮೂರು ಸಲ ಕೇಳಿದ್ದೆ. ಕೊನೆಯಲ್ಲಿ ಅದು ಬಿಕ್ಕಿನಂತೆ ತುಂಡಾಗಿತ್ತು. ನಾನು ಬಾಯಿ ಬಿಡಲಿಲ್ಲ. ಹೌದೆಂದು ತಲೆಯನ್ನು ಮಾತ್ರ ಆಡಿಸಿದೆ.

ಶಾಲ್ಮಲಾ ಎದ್ದು ಹೊರಗೆ ಹೋಗಿ ಸೈಕಲ್ ತೆಗೆದಳು. "ಎಲ್ಲಿಗೆ?" ಎಂದು ನಾನು ಕೂಗುವಷ್ಟರಲ್ಲಿ ಅತ್ತೆ ನನ್ನ ಸೆರಗು ಹಿಡಿದರು. "ಸುಮ್ಮಕುಂದರ. ಮುಬೀನಾನ ಮನಿಗೆ ಹೊಂಟಾಳ, ಇನ್ನೆಲ್ಲಿಗೆ?"

ಇಬ್ಬರೂ ಏನು ಮಾತಾಡಿಕೊಂಡರೋ ತಿಳಿಯದು. ಒಂದೂವರೆ ತಾಸಿನ ಮೇಲೆ ಕೆಂಪು ಕಣ್ಣು ಮಾಡಿಕೊಂಡು ಬಂದು, ನಾಳೆ ಡಬ್ಬಿಗೆ ಎರಡು ಚಪಾತಿ ಹೆಚ್ಚಿಗೆ ಹಾಕು ಎಂದಳು. ಆದರೆ ನಗಲಿಲ್ಲ. ವಾರ ಕಳೆದರೂ ನಗಲಿಲ್ಲ. ನಗು ಬಂದ ಹಾಗೆ ಕಂಡಾಗ ಕೈ ಬಾಯಿಗೆ ಹೋಗುತ್ತಿತ್ತು. ಯಂತ್ರವನ್ನು ಮೂರು ವಾರದಲ್ಲಿ ತಿದ್ದಬಹುದು. ಮಕ್ಕಳ ಕೈಗೆ ಒಮ್ಮೆ ಕಲಿಸಿದ್ದನ್ನು ಮರೆಸಲು ಐವತ್ತೊಂದು ವರ್ಷವೂ ಸಾಲದೆ ಹೋಗಬಹುದು. ನಾನು ದಿನಾ ಕಟ್ಟಿ ಸರ್ ಅವರ ಕರವಸ್ತ್ರ ನೋಡುತ್ತ ಅದನ್ನೇ ಯೋಚಿಸುತ್ತಿದ್ದೆ.

ದೀಪದ ಫಲಕವನ್ನು ಕಳಚಿ ತರಲು ಕಟ್ಟಿ ಸರ್ ತಾವೇ ಹೊರಟದ್ದು ಸೆಪ್ಟೆಂಬರ್ ಕೊನೆಯ ಸೋಮವಾರ. ಇನ್ನು ಮುಂದೆ ಯಾರ ನಗುವಿಗೂ ದೀಪ ಹತ್ತಕೂಡದೆಂದು ಇಬ್ಬರೂ ತೀರ್ಮಾನಿಸಿದ್ದೆವು. ಒಟ್ಟು ಲೆಕ್ಕ ಮಾತ್ರ ವಾರಕ್ಕೊಮ್ಮೆ ಶಿಕ್ಷಕರಿಗೆ. ನಾನು ಒಂಬತ್ತನೆಯ 'ಎ' ಬಾಗಿಲ ಪಕ್ಕ, ಫಲಕದ ಕೆಳಗೆ ಏಣಿ ಹಿಡಿದುಕೊಂಡು ನಿಂತೆ. ಸಮಾಜ ವಿಜ್ಞಾನದ ದೇಸಾಯಿ ಮೇಡಂ, "ಐದೇ ನಿಮಿಷ್ರಿ, ಪರೀಕ್ಷಾ ಹತ್ರ ಬಂತು," ಎಂದು ಪಾಠ ನಿಲ್ಲಿಸಿದರು. ಶಾಲ್ಮಲಾ ಮತ್ತು ಮುಬೀನಾ ಒಂದೇ ಬೆಂಚಿನಲ್ಲಿದ್ದರು.

ಕಟ್ಟಿ ಸರ್ ಏಣಿ ಹತ್ತಲಿಲ್ಲ. ಮಕ್ಕಳ ಕಡೆ ತಿರುಗಿದರು.

"ಮಕ್ಕಳೇ, ಈ ಮಷೀನ್ ನಿಮಗ ತಪ್ಪು ಹೇಳ್ಯದ. ತಪ್ಪು ಕಲಿಸಿದವ ನಾನು. ಖುಷಿ ಅಂದ್ರ ಹಿಂಗ ಇರ್ತದ ಅಂತ ಅದಕ್ಕ ಹೇಳಿಕೊಟ್ಟೆ, ನೋಡ್ರಿ." ಎರಡೂ ಕೈ ಮೇಲೆತ್ತಿ, ನಗೆಕೂಟದ ಹಾಗೆ, ಗಟ್ಟಿಯಾಗಿ, "ಹಾ ಹಾ ಹಾ! ಹೋ ಹೋ ಹೋ!" ಎಂದರು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಹೇಳ್ರಿ, ಈಗ ನಾ ಖುಷೀಲೆ ನಕ್ಕೆನೇನು?"

ಕೊನೆಯ ಬೆಂಚಿನಿಂದ ಒಬ್ಬ ಹುಡುಗ ಬಹಳ ಮರ್ಯಾದೆಯಿಂದ ಎದ್ದು ನಿಂತ. "ಇಲ್ರೀ ಸರ್. ಮೂರ ದಿನದಿಂದ ಸಂಡಾಸಿಗೆ ಹೋಗಿಲ್ಲದವರ ಹಂಗ ಇತ್ರಿ."

ದೇಸಾಯಿ ಮೇಡಂ, "ಏಯ್!" ಎಂದು ಕೋಲು ಹುಡುಕಿದರು. ಆದರೆ ಕಟ್ಟಿ ಸರ್ ಅವರ ಭುಜ ಆಗಲೇ ಅಲುಗಾಡತೊಡಗಿತ್ತು. ಕೈ ಜೇಬಿಗೆ ಹೋಯಿತು. ಕರವಸ್ತ್ರದ ತುದಿ ಹೊರಗೆ ಬಂತು. ಅವರು ಅದನ್ನು ನೋಡಿದರು, ಮಕ್ಕಳನ್ನು ನೋಡಿದರು, ಮತ್ತೆ ಒಳಗೆ ತುರುಕಿದರು.

ಆಮೇಲೆ ಬಂದ ಸದ್ದನ್ನು ನಾನು ನಮ್ಮ ಒಂಬೈನೂರರಲ್ಲೂ ಕೇಳಿರಲಿಲ್ಲ. ವರ್ಷಗಟ್ಟಲೆ ಯಾರೂ ಮುಟ್ಟದ ಬೋರಿಂಗ್ ಅದು: ಮೊದಲು ಒಣ ಕೀಂವ್, ಆಮೇಲೆ ಇನ್ನೊಂದು ಕೀಂವ್, ಒಳಗೆಲ್ಲೋ ಗಡಗಡ, ಆಮೇಲೆ ಒಮ್ಮೆಲೇ ನೀರು. ಅರವತ್ತು ದಾಟಿದ ಆ ದೊಡ್ಡ ಮನುಷ್ಯ ಏಣಿಯನ್ನು ಹಿಡಿದುಕೊಂಡು, ಕಣ್ಣು ಒರೆಸಿಕೊಳ್ಳುತ್ತ, ಮೂವತ್ತೆಂಟು ಮಕ್ಕಳ ಎದುರು ಪೂರ್ತಿ ನಕ್ಕರು.

ತರಗತಿ ತುಟಿ ಕಚ್ಚಿಕೊಂಡು ಕುಳಿತಿತ್ತು. ದೇಸಾಯಿ ಮೇಡಂ, "ಒಬ್ಬರೂ ನಗಬಾರದು!" ಎಂದರು. ಅದೊಂದನ್ನು ಅವರು ಹೇಳಬಾರದಿತ್ತು. ಮುಬೀನಾಳ ಬಾಯಿಂದ ಬಲೂನಿನ ಗಾಳಿ ಬಿಟ್ಟಂತೆ ಪುಸ್ ಎಂದಿತು. ಪ್ರಾರ್ಥನಾ ಪುಸ್ತಕದೊಳಗೆ ಮುಖ ಹುದುಗಿಸಿ ಕೆಟಲಿನಂತೆ ಕುದಿಯುತ್ತಿದ್ದಳು. ಚಂದದ ಹಾ ಹಾ ಅದರಲ್ಲಿ ಎಲ್ಲೂ ಇರಲಿಲ್ಲ. ನಾನು ಶಾಲ್ಮಲಾಳನ್ನೇ ನೋಡುತ್ತಿದ್ದೆ. ಅವಳ ಕೈ ಬಾಯಿಗೆ ಹೋಯಿತು. ಮುಬೀನಾ ಅವಳ ಕಡೆ ತಿರುಗಿ, ಮಾತಾಡಲಾಗದೆ, ಕಟ್ಟಿ ಸರ್ ಕಡೆ ಬರೀ ಬೆರಳು ತೋರಿಸಿದಳು. ಶಾಲ್ಮಲಾಳ ಕಣ್ಣಲ್ಲಿ ನೀರು ಬಂತು, ಕಿವಿ ಕೆಂಪಾಯಿತು. ಅವಳು ಮುಬೀನಾಳ ಭುಜ ಹಿಡಿದುಕೊಳ್ಳಲು ಎರಡೂ ಕೈ ಚಾಚಿದಳು.

ಆ ಉದ್ದನೆಯ ಸೀಳು, ಗೊರ್, ಗೊರ್, ಮತ್ತೂ ಒಂದು ಗೊರ್.

ಯಾರೂ ತಿರುಗಿ ನೋಡಲಿಲ್ಲ. ಎಲ್ಲರೂ ತಮ್ಮ ತಮ್ಮ ನಗುವಿನಲ್ಲಿ ಮುಳುಗಿದ್ದರು.

"ನೀವಿಬ್ಬರೂ ಹೊರಗ ನಡೀರಿ!" ಎಂದರು ದೇಸಾಯಿ ಮೇಡಂ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡೇ ಬಾಗಿಲು ದಾಟಿದರು. ಮೇಡಂ ನನ್ನ ಕಡೆ ತಿರುಗಿದರು. "ನೋಡ್ರಿ, ನಿಮ್ಮ ಮಗಳು! ಇಷ್ಟ ದಿನ ಎಷ್ಟ ಶಾಂತ ಇದ್ಳು. ಸ್ವಲ್ಪ ಬುದ್ಧಿ ಹೇಳ್ರಿ ಮನ್ಯಾಗ."

"ಹೇಳ್ತೀನ್ರಿ ಮೇಡಂ," ಎಂದೆ.

ಬಾಗಿಲಾಚೆ ವರಾಂಡದಲ್ಲಿ ಶಿಕ್ಷೆಗೆ ನಿಂತವರು ನಗು ತಡೆಯಲು ಗೋಡೆಗೆ ಹಣೆ ಒತ್ತಿಕೊಂಡಿದ್ದರು. ಒಬ್ಬಳು ಸುಮ್ಮನಾದರೆ ಇನ್ನೊಬ್ಬಳದು ಶುರುವಾಗುತ್ತಿತ್ತು. ಮುಂದಿನ ಗಂಟೆಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಏಣಿಯ ಮೇಲಿನಿಂದ ಕಟ್ಟಿ ಸರ್, "ಹೊಸಮನಿಯವರ, ಏಣಿ ಗಟ್ಟಿ ಹಿಡೀರಿ," ಎಂದು ಎರಡು ಸಲ ಕರೆದರಂತೆ. ನನಗೆ ಕೇಳಿಸಲಿಲ್ಲ.